ಪಂಚಾಂಗ ಹಿಡಿದು ಅಂಡಮಾನಿಗೆ ಹೋದದ್ದು

ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಮಲ್ಪೆಯ ಕಡಲು. ಹಾಗಿರುವಾಗ ಕಡಲು ನೋಡಲು ಅಂಡಮಾನಿಗೆ ಹೊರಟಿದ್ದೇವೆ ಎಂದರೆ ಯಾರಾದರೂ ನಗುತ್ತಾರೆ. ಭಾವ ಎಲ್ಲರಿಗಿಂತ ಮೊದಲು ನಕ್ಕರು. “ಚಳಿಗಾಲದ ರಜೆಯಾ ಮಾರಾಯ್ತಿ? ಚಳಿ ಇರುವ ಊರಿನವರು ಬೆಚ್ಚಗಿನ ಊರಿಗೆ ಹೋಗುವುದು ಸರಿ. ನಿಮಗೆ ಇಲ್ಲಿ ಎಲ್ಲಿಯ ಚಳಿ? ದ್ವೀಪವೇ ಬೇಕಾದರೆ ಸೈಂಟ್ ಮೇರೀಸ್ ಇದೆ, ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಬನ್ನಿ.” ಏಜೆಂಟರಿಲ್ಲದೆ, ಇಬ್ಬರಿಗೆ ಎಪ್ಪತ್ತು ಸಾವಿರದೊಳಗೆ, ಅದೂ ಡಿಸೆಂಬರಿನಲ್ಲಿ ಮುಗಿಸುತ್ತೇವೆ ಎಂದದ್ದಕ್ಕೆ ಮತ್ತೊಮ್ಮೆ ನಕ್ಕರು.

ಮುಗಿಸಿದೆವು. ಅರವತ್ತಮೂರು ಸಾವಿರ ಚಿಲ್ಲರೆ. ಅದನ್ನು ಹೇಳಿಕೊಳ್ಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಆದರೂ ಈ ಪ್ರವಾಸದ ಚೀಟಿಗಳಲ್ಲಿ ಅರ್ಧದಷ್ಟು ಒದ್ದೆಯಾಗಿ ಹೋಗಿವೆ, ಅಂಕಿಗಳೆಲ್ಲ ನೆನಪಿನವು.

ಎರಡು ಸಲ ಸೋತು ಮೂರನೆಯ ಸಲ ಗೆದ್ದದ್ದು ಇದು. 2023ರಲ್ಲಿ ಏಜೆಂಟರೊಬ್ಬರಿಗೆ ಇಪ್ಪತ್ತು ಸಾವಿರ ಮುಂಗಡ ಕೊಟ್ಟಿದ್ದೆವು. ಐದು ರಾತ್ರಿ, ಮೂರು ದ್ವೀಪ, ಜೋಡಿಗೆ ತೊಂಬತ್ತೆಂಟು ಸಾವಿರ, ಮೇಣದಬತ್ತಿಯ ಊಟ ಉಚಿತ. ಡಿಸೆಂಬರ್ 4ಕ್ಕೆ ಚೆನ್ನೈಯಿಂದ ವಿಮಾನ. ಅದೇ ದಿನ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ವಿಮಾನ ನಿಲ್ದಾಣವೇ ಮುಚ್ಚಿತು. ವಿಮಾನದ ಹಣ ಹಿಂದೆ ಬಂತು, ಹೋಟೆಲಿನ ಮುಂಗಡ ಬರಲಿಲ್ಲ. “ಪ್ರಕೃತಿ ವಿಕೋಪಕ್ಕೆ ನಾವೇನು ಮಾಡುವುದು ಮೇಡಂ” ಎಂದರು. ಅವರು ಹೇಳಿದ್ದೂ ಸುಳ್ಳಲ್ಲ. ನವೆಂಬರಿನಲ್ಲಿ, ಡಿಸೆಂಬರ್ ಮೊದಲ ವಾರದಲ್ಲಿ ಬಂಗಾಳ ಕೊಲ್ಲಿಯನ್ನು ನಂಬಬಾರದೆಂದು ಕಡಲ ಬದಿಯವಳಾದ ನನಗೇ ತಿಳಿದಿರಬೇಕಿತ್ತು.

ಮರುವರ್ಷ ಲಕ್ಷದ್ವೀಪ ಎಂದು ಹೊರಟೆವು. ನಮ್ಮ ಜಿಲ್ಲೆಗೂ ಅದಕ್ಕೂ ಹಳೆಯ ನಂಟು. ಅಮಿನಿ, ಕಡಮತ್, ಕಿಲ್ತಾನ್‌ಗಳೆಲ್ಲ 1956ರವರೆಗೆ, ಆಗ ನಮ್ಮ ಉಡುಪಿಯೂ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಈಗಲೂ ಮಂಗಳೂರಿನ ಬಂದರಿನಿಂದ ಅಲ್ಲಿಗೆ ಮಂಜಿ ಎಂಬ ಸರಕು ದೋಣಿಗಳಲ್ಲಿ ಸಾಮಾನು ಹೋಗುತ್ತದೆ. ತರಕಾರಿ ಹೋಗುತ್ತದೆ, ಜಲ್ಲಿ ಹೋಗುತ್ತದೆ, ನಮಗೆ ಹೋಗಲು ಆಗಲಿಲ್ಲ. ಒಳಗೆ ಕಾಲಿಡಲು ಅನುಮತಿ ಪತ್ರ ಬೇಕು; ಅದು ಕೈಗೆ ಬರುವಷ್ಟರಲ್ಲಿ ನಮ್ಮ ದಿನಕ್ಕೆ ಕೊಚ್ಚಿಯ ಹಡಗಿನಲ್ಲಿ ಜಾಗವಿರಲಿಲ್ಲ; ಜಾಗ ಸಿಗುವ ದಿನಕ್ಕೆ ಇವರ, ಅಂದರೆ ನನ್ನ ಗಂಡನ, ಅಂಗಡಿಯಲ್ಲಿ ರಿಪೇರಿಗೆ ಪಂಪುಗಳು ಸಾಲುಗಟ್ಟಿದ್ದವು. ರೈಲು, ವಸತಿ ಎಂದು ಕೈಬಿಟ್ಟದ್ದು ಆರು ಸಾವಿರದ ಹತ್ತಿರ.

ಇವರದ್ದು ಮೋಟಾರ್ ರಿವೈಂಡಿಂಗ್ ಅಂಗಡಿ. ಜನವರಿ ಬಂತೆಂದರೆ ತೋಟಗಳಿಗೆ ನೀರು ಹಾಯಿಸುವ ಕೆಲಸ ಜೋರು, ಸುಟ್ಟ ಪಂಪುಗಳೂ ಜೋರು. ಮೇ ಮುಗಿಯುವವರೆಗೆ ಮಾತಿಗೆ ಸಿಗುವುದಿಲ್ಲ. ಮಳೆಗಾಲದಲ್ಲಿ ಎಲ್ಲಿಗೂ ಹೋಗುವಂತಿಲ್ಲ. ದೀಪಾವಳಿ ಕಳೆದರೆ ಮದುವೆ, ಗೃಹಪ್ರವೇಶ. ಒಂದಕ್ಕೆ ತಪ್ಪಿಸಿದರೂ ವರ್ಷವಿಡೀ ಮಾತು ಕೇಳಬೇಕು. ಆಗ ಹೊಳೆದದ್ದು ಧನುರ್ಮಾಸ. ಮದುವೆ ಇಲ್ಲ, ಮುಂಜಿ ಇಲ್ಲ, ಯಾರೂ ಬೇಸರಿಸುವಂತಿಲ್ಲ. ಅದರಲ್ಲೂ ಕ್ರಿಸ್ಮಸ್‌ಗಿಂತ ಹಿಂದಿನ ವಾರ. ಆ ಎಂಟು ದಿನ ಕಳೆದರೆ ದ್ವೀಪದ ಕೋಣೆಗಳ ಬಾಡಿಗೆ ಒಂದಕ್ಕೆರಡಾಗುತ್ತದೆ.

ಪಂಚಾಂಗ ತೆಗೆದದ್ದು ಧನು ಸಂಕ್ರಮಣ ಯಾವತ್ತು ಎಂದು ನೋಡಲು. ಅದರ ಕೆಳಗೇ ಅಮಾವಾಸ್ಯೆ ಕಂಡಿತು: ಡಿಸೆಂಬರ್ 19. ನನ್ನ ಇಡೀ ಉಪಾಯ ಅಲ್ಲಿಂದ ಶುರುವಾಯಿತು. ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತ ಎಷ್ಟು ಏರುತ್ತದೆಯೋ ಇಳಿತವೂ ಅಷ್ಟೇ ಕೆಳಗಿಳಿಯುತ್ತದೆ. ಹವಳದ ಬಂಡೆಗಳ ಮೇಲೆ ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕಾದರೆ ಆ ನಾಲ್ಕೈದು ದಿನ ಸಿಗಬೇಕು. ರಾತ್ರಿ ನೀರು ಮಿನುಗುವುದನ್ನು ನೋಡಲೂ ಕತ್ತಲೆಯೇ ಬೇಕು. ಅಷ್ಟಮಿಯ ಹೊತ್ತಿಗೆ ಹೋದರೆ ಏರಿಳಿತ ಎರಡೂ ಅರೆಬರೆ. ಪ್ಯಾಕೇಜಿನವರು ನಿಮಗೆ ಮಂಗಳವಾರವೋ ಬುಧವಾರವೋ ಎಂದು ಕೇಳುತ್ತಾರೆ, ತಿಥಿ ಯಾವುದೆಂದು ಕೇಳುವುದಿಲ್ಲ.

ಎರಡನೆಯ ನಿರ್ಧಾರಕ್ಕೆ ಇನ್ನೂ ಹೆಚ್ಚು ಬೈಗುಳ ಸಿಕ್ಕಿತು: ಒಂದೇ ದ್ವೀಪ, ಐದು ರಾತ್ರಿ. ಅದೂ ಎಲ್ಲರೂ ಹೋಗುವ ಹ್ಯಾವ್‌ಲಾಕ್ ಅಲ್ಲ, ಪಕ್ಕದ ನೀಲ್. 2018ರಿಂದ ಅವುಗಳ ಹೆಸರು ಸ್ವರಾಜ್ ದ್ವೀಪ, ಶಹೀದ್ ದ್ವೀಪ. ಪೋರ್ಟ್ ಬ್ಲೇರ್ ಕೂಡ 2024ರಿಂದ ಶ್ರೀ ವಿಜಯಪುರಂ. ಆದರೆ ಆಟೋದವರ ಬಾಯಲ್ಲಿ ಹಳೆಯ ಹೆಸರೇ ಓಡುತ್ತದೆ. ಪ್ರತಿ ಎರಡು ದಿನಕ್ಕೊಮ್ಮೆ ಪೆಟ್ಟಿಗೆ ಕಟ್ಟಿ, ಜೆಟ್ಟಿಯಲ್ಲಿ ಕಾದು, ಕೋಣೆ ಬದಲಿಸುವುದರಲ್ಲಿ ಹೋಗುವ ಹಣವನ್ನೂ ಹೊತ್ತನ್ನೂ ಕೂಡಿಸಿ ನೋಡಿ. ನಾನು ಕೂಡಿಸಿದ್ದೇನೆ.

ಪ್ರಯಾಣವನ್ನು ಬೇಗ ಹೇಳಿಬಿಡುತ್ತೇನೆ. ವಿಮಾನದ ಟಿಕೆಟನ್ನು ಆಗಸ್ಟಿನಲ್ಲೇ ಮಾಡಿದೆ. ಚೆನ್ನೈಯಿಂದ ಹೋಗಿಬರಲು ಇಬ್ಬರಿಗೆ ಇಪ್ಪತ್ತೈದು ಸಾವಿರ. ಉಡುಪಿಯಿಂದ ಬಸ್ಸು, ಮಂಗಳೂರಿನಿಂದ ಮಧ್ಯಾಹ್ನದ ಚೆನ್ನೈ ಮೇಲ್. ಬೆಳಿಗ್ಗೆ ಇಳಿದ ಮೇಲೆ ಅದೇ ದಿನ ವಿಮಾನ ಹತ್ತುವ ಸಾಹಸಕ್ಕೆ ಹೋಗದೆ ಒಂದು ರಾತ್ರಿ ಚೆನ್ನೈಯಲ್ಲೇ ಉಳಿದೆವು. ಕೋಣೆಗೆ ಕೊಟ್ಟ ಸಾವಿರದ ಆರುನೂರು ನನ್ನ ನೆಮ್ಮದಿಯ ವಿಮೆ. ವಾಪಸು ಬರುವಾಗಲೂ ವಿಮಾನದ ಹಿಂದಿನ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಇದ್ದೆವು, ಕಡಲು ಕೆರಳಿ ಹಡಗು ನಿಂತರೆ ಎಂದು. ಸರಕಾರಿ ಹಡಗಿನ ಟಿಕೆಟ್ ಖಾಸಗಿಯದಕ್ಕಿಂತ ಕಡಿಮೆ. ಸಿಗುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಮಗೆ ಎರಡೂ ದಾರಿಗೆ ಸಿಕ್ಕಿತು. ಹೇಗೆ ಎಂಬುದನ್ನು ಬರೆದರೆ ಮುಂದಿನ ಸಲ ನನಗೇ ಸಿಗಲಿಕ್ಕಿಲ್ಲ. ಫೀನಿಕ್ಸ್ ಬೇ ಜೆಟ್ಟಿಯ ಕೌಂಟರಿನಲ್ಲಿ ಜಗಳ ಮಾಡಲಿಲ್ಲ ಎಂದಷ್ಟು ಹೇಳಬಲ್ಲೆ.

ಈಗ ಕನ್ನಡಕದ ಕಥೆ. ಇವರಿಗೆ ಮೈನಸ್ ಮೂರೂವರೆ. ಕನ್ನಡಕ ತೆಗೆದರೆ ತಟ್ಟೆಯಲ್ಲಿರುವುದು ಬಂಗುಡೆಯೋ ಬೂತಾಯಿಯೋ ಗೊತ್ತಾಗುವುದಿಲ್ಲ. ನೀರಿನೊಳಗೆ ಹವಳ ತೋರಿಸಲು ಸಾವಿರಾರು ರೂಪಾಯಿ ಕೊಟ್ಟು ಕರೆದುಕೊಂಡು ಹೋದರೂ ಕಾಣುವುದು ಬರೀ ನೀಲಿ. ಪವರ್ ಇರುವ ಮಾಸ್ಕ್ ವಿಚಾರಿಸಿದರೆ ನಾಲ್ಕೂವರೆ ಸಾವಿರ ಎಂದರು. ಇವರು ಏನೂ ಮಾತಾಡದೆ ಏಳುನೂರರ ಸಾದಾ ಮಾಸ್ಕ್ ತರಿಸಿದರು. ಹಳೆಯ ಕನ್ನಡಕದ ಗಾಜುಗಳನ್ನು ತೆಗೆದು, ಅಂಗಡಿಯ ಗ್ರೈಂಡರಿನಲ್ಲಿ ಅಂಚು ಸವೆಸಿ, ಮಾಸ್ಕಿನ ಒಳಬದಿಗೆ ಅಂಟಿಸಿದರು. ಮೊದಲ ಅಂಟು ಸ್ನಾನದ ಮನೆಯ ಬಕೆಟಿನಲ್ಲಿ ಗೆದ್ದಿತು, ಪಡುಕೆರೆಯ ಕಡಲ ಉಪ್ಪುನೀರಿನಲ್ಲಿ ಅರ್ಧ ಗಂಟೆಗೆ ಬಿಟ್ಟುಕೊಂಡಿತು. ಎರಡನೆಯದು ಗಟ್ಟಿಯಾಗಿ ನಿಂತಿತು, ಆದರೆ ಗಾಜು ಹಾಲಿನಂತೆ ಬೆಳ್ಳಗಾಯಿತು. ಹೋಯಿತು ಒಂದು ಜೊತೆ. ಮೂರನೆಯ ಸಲ ಎರಡು ಕಣ್ಣಿನ ನಡುವಿನ ಅಂತರ ತಪ್ಪಿ, ಹಾಕಿಕೊಂಡ ಕೂಡಲೇ ತಲೆ ತಿರುಗಿ ಅಂಗಳದಲ್ಲಿ ಕುಳಿತರು. ಅತ್ತೆ ಜಗಲಿಯಿಂದಲೇ, “ಒಳ್ಳೆಯದಾಯಿತು, ಇನ್ನೂ ನೀರಿಗೆ ಇಳಿದಿಲ್ಲ” ಎಂದರು.

ನಾಲ್ಕನೆಯದು ಸರಿಯಾಯಿತು. ಅಂಟು ಯಾವುದೆಂದು ಇವರು ಹೇಳಲು ಬಿಡುವುದಿಲ್ಲ. ಒಳಗೆ ಮಂಜು ಕಟ್ಟದಂತೆ ಸವರಿದ್ದನ್ನು ನಾನು ಹೇಳುವುದಿಲ್ಲ. ನಿಮ್ಮ ಅಡುಗೆಮನೆಯಲ್ಲೂ ಅದು ಇದೆ.

ನೀಲ್ ಸಣ್ಣ ದ್ವೀಪ, ಹೆಚ್ಚುಕಡಿಮೆ ಸಮತಟ್ಟು. ಊರುಗಳ ಹೆಸರು ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಮಕ್ಕಳು ಮೊಮ್ಮಕ್ಕಳೇ ಹೆಚ್ಚು, ತರಕಾರಿ ಬೆಳೆಯುತ್ತಾರೆ. ನಾವಿದ್ದದ್ದು ಅಂಥದೊಂದು ಮನೆಯ ಹಿಂದಿನ ಕೋಣೆಯಲ್ಲಿ, ದಿನಕ್ಕೆ ಸಾವಿರದ ಆರುನೂರು. ಓಡಾಟಕ್ಕೆ ಬಾಡಿಗೆಯ ಸೈಕಲ್. ಮದುವೆಯಾಗಿ ಹದಿನಾರು ವರ್ಷಗಳಲ್ಲಿ ನಾನು ಸೈಕಲ್ ಮುಟ್ಟಿರಲಿಲ್ಲ. ಲಕ್ಷ್ಮಣಪುರದ ತಿರುವಿನಲ್ಲಿ ಬದನೆ ಗದ್ದೆಗೆ ಬಿದ್ದೆ. ಇವರು ಮೊದಲು ಸೈಕಲನ್ನು ಎತ್ತಿದರು. ಠೇವಣಿ ಕೊಟ್ಟದ್ದು ಸೈಕಲ್ಲಿಗೆ ಎಂಬುದು ಇವರ ಸಮಜಾಯಿಷಿ.

ಮೊದಲ ದಿನವೇ ಹಾಳು ಮಾಡಿಕೊಂಡೆವು. ಊಟ ಮಾಡಿ, ಸ್ವಲ್ಪ ಅಡ್ಡಾಗಿ, ಐದೂವರೆಗೆ ಕಡಲಿಗೆ ಹೋಗೋಣ ಎಂದು ಎದ್ದರೆ ಹೊರಗೆ ಕಗ್ಗತ್ತಲೆ. ಗಡಿಯಾರ ನಮ್ಮದೇ, ಆದರೆ ಸೂರ್ಯ ಐದಕ್ಕೇ ಮುಳುಗಿರುತ್ತಾನೆ. ನಮ್ಮಲ್ಲಿ ಆ ಹೊತ್ತಿಗೆ ಇನ್ನೂ ಒಂದು ಗಂಟೆ ಬಿಸಿಲು. ಮರುದಿನದಿಂದ ನಾಲ್ಕೂವರೆಗೆ ಏಳುವುದು, ರಾತ್ರಿ ಎಂಟಕ್ಕೆ ಮಲಗುವುದು.

ಎರಡನೆಯ ತಪ್ಪು ನನ್ನದು, ಅದೂ ನಾನು ಜಂಬ ಪಡುವ ವಿಷಯದಲ್ಲೇ. ಕಡಲು ಕೊರೆದು ಕಮಾನಾದ ಒಂದು ಬಂಡೆ ಅಲ್ಲಿದೆ. ಊರಿನವರು ಹೌರಾ ಬ್ರಿಡ್ಜ್ ಎನ್ನುತ್ತಾರೆ. ಇಳಿತದಲ್ಲಿ ಮಾತ್ರ ಅದರ ಬುಡಕ್ಕೆ ಹೋಗಬಹುದು. ನಾನು ತಿಥಿ ನೋಡಿ, ಮಲ್ಪೆಯ ಲೆಕ್ಕ ಹಾಕಿ, ಹದಿನೇಳರಂದು ಮೂರೂವರೆಗೆ ಕರೆದುಕೊಂಡು ಹೋದೆ. ನೀರು ಆಗಲೇ ಏರುತ್ತಿತ್ತು. ಎದುರಿಗೆ ಜನ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸು ಬರುತ್ತಿದ್ದರು. ತಿಥಿ ಎರಡೂ ಕಡಲಿಗೆ ಒಂದೇ, ಭರತ ಇಳಿತದ ಗಂಟೆ ಒಂದೇ ಅಲ್ಲ. ಇವರು ಏನೂ ಹೇಳಲಿಲ್ಲ, ಪಂಚಾಂಗವನ್ನು ಕೈಗೆ ಕೊಟ್ಟು ಒಂದು ನಗೆ ನಕ್ಕರು. ನಾವು ಉಳಿದಿದ್ದ ಮನೆಯ ಯಜಮಾನರನ್ನು ಕೇಳಿ ಎರಡು ಗಂಟೆ ಹಿಂದೆ ಸರಿಸಿ, ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ಐದು ನಿಮಿಷ ಕೂಡಿಸುತ್ತ ಹೋದ ಮೇಲೆ ಒಂದು ದಿನವೂ ತಪ್ಪಲಿಲ್ಲ. ಮರುದಿನ ಮೊಣಕಾಲಿನಷ್ಟೂ ನೀರಿಲ್ಲದ ಕುಳಿಯೊಂದರಲ್ಲಿ ಕಡಲ ಸೌತೆ, ನೀಲಿ ತುಟಿಯ ಚಿಪ್ಪು, ಬೆರಳುದ್ದದ ಪಟ್ಟೆ ಮೀನು ನೋಡುತ್ತ ಒಂದು ಗಂಟೆ ಕುಕ್ಕರಗಾಲಿನಲ್ಲಿ ಕುಳಿತಿದ್ದೆವು. ಒಂದು ಚಿಪ್ಪನ್ನು ಕೈಗೆ ತೆಗೆದುಕೊಂಡೆ. ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ ಎಂದು ಇವರು ಅಲ್ಲೇ ಇಡಿಸಿದರು.

ಮಾಸ್ಕಿನ ಪರೀಕ್ಷೆ ಭರತಪುರದಲ್ಲಿ. ಗೈಡ್ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತನ್ನದನ್ನೇ ಹಾಕಿಕೊಳ್ಳಿ ಎಂದ. ಇವರು ಕೇಳಲಿಲ್ಲ. ಎರಡು ನಿಮಿಷದ ಮೇಲೆ ನೀರಿನೊಳಗಿನಿಂದ ಕೊಳವೆಯಲ್ಲಿ ಒಂದು ಕೂಗು ಬಂತು. ಹುಡುಗ ಹೆದರಿ ಹತ್ತಿರ ಹೋದ. ಇವರು ತಲೆ ಎತ್ತಿ, “ತೊರಕೆ! ತೊರಕೆ!” ಎಂದು ನನಗೆ ಕೈ ಮಾಡುತ್ತಿದ್ದರು. ಮಲ್ಪೆಯಲ್ಲಿ ಬುಟ್ಟಿಯಲ್ಲಿ ಸಾವಿರ ತೊರಕೆ ಮೀನು ನೋಡಿದವರು, ಒಂದು ಮರಳಿನಿಂದೆದ್ದು ಹಾರಿಹೋದದ್ದನ್ನು ನೋಡಿ ಮಗುವಾಗಿದ್ದರು.

ಊಟದಲ್ಲೂ ಒಂದು ಪ್ರಯೋಗ ಮಾಡಿದೆ. ಎರಡು ಕಿಲೋ ಕುಚ್ಚಲಕ್ಕಿ, ಹುಣಸೆ, ಮನೆಯ ಮೀನಿನ ಮಸಾಲೆ ಪುಡಿ ಒಯ್ದಿದ್ದೆ. ಮನೆಯ ದೀದಿಯ ಒಪ್ಪಿಗೆ ಪಡೆದು ಒಂದು ದಿನ ಪುಳಿಮುಂಚಿ ಮಾಡಿದೆ. ಅವರು ಒಂದು ತುತ್ತು ತಿಂದು ನೀರು ಕುಡಿದರು, ಮತ್ತೆ ಬಡಿಸಿಕೊಳ್ಳಲಿಲ್ಲ. ಕುಚ್ಚಲಕ್ಕಿ ಬೇಯಲು ಹಿಡಿದ ಹೊತ್ತು ನೋಡಿ ಗ್ಯಾಸಿಗೆಂದು ಐವತ್ತು ರೂಪಾಯಿ ಬೇರೆ ತೆಗೆದುಕೊಂಡರು. ಅವರ ಸಾಸಿವೆಯ ಮೀನಿನ ಸಾರನ್ನು ನಾವು ಮೂರು ದಿನ ತಿಂದೆವು. ಉಳಿದ ಅಕ್ಕಿಯನ್ನು ಅಲ್ಲೇ ಬಿಟ್ಟೆ, ಕೋಳಿಗೆ ಹೋಗಿರಬಹುದು. ಮರಳಿನ ನೊಣಕ್ಕೆ ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚಿ, ಅದು ಕೆಲಸ ಮಾಡುತ್ತದೆ. ಮತ್ತೆ ನಗದು ಒಯ್ಯಿರಿ, ನೆಟ್‌ವರ್ಕ್ ನಂಬಿ ಮೊಬೈಲ್ ಹಿಡಿದು ಅಂಗಡಿ ಮುಂದೆ ನಿಂತರೆ ಬೆಳಗಾಗುತ್ತದೆ.

ಅಮಾವಾಸ್ಯೆಯ ರಾತ್ರಿ ಏಳು ಗಂಟೆಗೆ ಟಾರ್ಚ್ ಆರಿಸಿ ನೀರಿನಲ್ಲಿ ನಿಂತೆವು. ಹತ್ತು ನಿಮಿಷ ಏನೂ ಇಲ್ಲ. ಇವರು ಬೇಸರದಿಂದ ಕಾಲು ಝಾಡಿಸಿದರು. ಪಾದದ ಸುತ್ತ ಹಸಿರು ಕಿಡಿಗಳು ಎದ್ದು ಆರಿದವು, ಅಂಗಡಿಯಲ್ಲಿ ವೈರು ತಾಗಿಸಿದ ಹಾಗೆ. ಆಮೇಲೆ ಇಬ್ಬರೂ ಬಹಳ ಹೊತ್ತು ಕಾಲು ಝಾಡಿಸುತ್ತ ನಿಂತಿದ್ದೆವು. ಯಾರಾದರೂ ನೋಡಿದ್ದರೆ ಹುಚ್ಚು ಎನ್ನುತ್ತಿದ್ದರು. ಯಾರೂ ಇರಲಿಲ್ಲ.

ಲೆಕ್ಕ: ವಿಮಾನ ಇಪ್ಪತ್ತೈದು, ರೈಲು ಐದರ ಒಳಗೆ, ಎಂಟು ರಾತ್ರಿಯ ವಸತಿ ಹದಿಮೂರು, ಊಟ ಒಂಬತ್ತು, ಹಡಗು ಮೂರೂವರೆ, ಉಳಿದದ್ದು ಸೈಕಲ್, ಆಟೋ, ಗೈಡ್, ಎಳನೀರು. ಮಾಸ್ಕಿಗೆ ಹೋದ ಹಾಳು ಗಾಜುಗಳನ್ನು ಇವರು ಅಂಗಡಿಯ ಖರ್ಚಿಗೆ ಹಾಕಿದ್ದಾರೆ. ಹಿಂದಿನ ಎರಡು ಸಲದ ನಷ್ಟವನ್ನು ನಾನು ಇದರಲ್ಲಿ ಸೇರಿಸಿಲ್ಲ, ಭಾವ ಸೇರಿಸುತ್ತಾರೆ.

ಮೊನ್ನೆ ಅವರೇ ಮನೆಗೆ ಬಂದಿದ್ದರು. ಚಹಾ ಕುಡಿದು, ಅದೂ ಇದೂ ಮಾತಾಡಿ, ಏಳುವ ಮೊದಲು ಮುಂದಿನ ಧನುರ್ಮಾಸದಲ್ಲಿ ಅಮಾವಾಸ್ಯೆ ಯಾವತ್ತು ಬರುತ್ತದೆ ಎಂದು ಕೇಳಿದರು. ಹಾಗೆಯೇ ಆ ಮಾಸ್ಕ್ ಕೊಡಲು ಸಾಧ್ಯವೇ ಎಂದೂ ಕೇಳಿದರು. ಅವರದ್ದು ಪ್ಲಸ್ ಎರಡು. ಇವರು ಹೊಸ ಗಾಜು ಸವೆಸುತ್ತಿದ್ದಾರೆ.