ಒಂದೇ ಪಂಪಿನ ರಷ್ಯನ್ ಪಿಸ್ತೂಲು ನನ್ನ ಕೈಗೆ ಒಗ್ಗಿದ್ದು ಹೀಗೆ

ಮಳೆಗಾಲ ಮುಗಿದ ಮೇಲೆ ನಡೆದ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ರಷ್ಯಾದ ಬೈಕಾಲ್ ಇಝ್-46ಎಂ ಹಿಡಿದು 60 ಶಾಟಿಗೆ, ಅಂದರೆ 600 ಅಂಕಕ್ಕೆ, 550ರ ಹತ್ತಿರ ಹತ್ತಿರ ಹೊಡೆದೆ. ಪಿಸಿಪಿ, ಅಂದರೆ ಸಿಲಿಂಡರಿನಲ್ಲಿ ಮೊದಲೇ ಗಾಳಿ ತುಂಬಿಸಿಡುವ ಪಿಸ್ತೂಲು, ಇಟ್ಟುಕೊಂಡು ಅಷ್ಟು ಹೊಡೆಯುವವರು ರಾಜ್ಯದಲ್ಲಿ ಬೇಕಾದಷ್ಟು ಜನ ಇದ್ದಾರೆ, ಅದೇನು ದೊಡ್ಡ ವಿಷಯ ಅಲ್ಲ. ಆದರೆ ಪ್ರತಿ ಶಾಟಿಗೂ ಕೈಯಲ್ಲಿ ಗಾಳಿ ತುಂಬುವ ಪಿಸ್ತೂಲಿನಲ್ಲಿ ಅದು ಆಗುವ ಮಾತಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. "ಇದೆಂತ ಮಾರಾಯ, ಶಾಟಿಗೊಂದು ಸಲ ಗಾಳಿ ಹೊಡೆಯುತ್ತಾ ಕೂರುವುದಾ?" ಅಂತ ನಕ್ಕವರೇ ಜಾಸ್ತಿ. ಅವರಲ್ಲಿ ಇಬ್ಬರು ಈಗ ಫೋನ್ ಮಾಡಿ, ಇಂಥದ್ದು ಇನ್ನೊಂದು ಎಲ್ಲಾದರೂ ಸಿಗುತ್ತಾ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಿತದ್ದು ಕ್ಲಬ್ಬಿನ ಪಿಸಿಪಿಯಲ್ಲಿ. ಸಿಲಿಂಡರ್ ತುಂಬಿಸಿದರೆ ಆಯಿತು, ಕಾಕ್ ಮಾಡು, ಸೀಸದ ಸಣ್ಣ ಪೆಲೆಟ್ ಹಾಕು, ಹೊಡಿ. ನಮ್ಮೂರು ಸಾಗರಕ್ಕೆ ವಾಪಸ್ ಬಂದ ಮೇಲೆ ಕಷ್ಟ ಶುರುವಾಯಿತು. ಇಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸಿಕೊಡುವವರು ಯಾರೂ ನನಗೆ ಸಿಗಲಿಲ್ಲ. ಶಿವಮೊಗ್ಗಕ್ಕೆ ಹೋಗಬೇಕೆಂದರೆ ಒಂದು ಕಡೆಗೇ 70 ಕಿಲೋಮೀಟರ್ ಮೇಲೆ. ಕೈಪಂಪು ತಂದುಕೊಳ್ಳೋಣ ಅಂದರೆ ನಮ್ಮ ಮಲೆನಾಡಿನ ಮಳೆಗಾಲದ ಗಾಳಿ ಗೊತ್ತಲ್ವಾ? ಸಿಲಿಂಡರಿನೊಳಗೆ ಗಾಳಿಗಿಂತ ನೀರೇ ಜಾಸ್ತಿ ಹೋಗುತ್ತದೆ. ಅದೂ ಅಲ್ಲದೆ ಹೊಸ ಪಿಸಿಪಿ ಅಂದರೆ ಒಂದೂವರೆ ಲಕ್ಷದ ಮೇಲಿನ ಮಾತು. ಆ ವರ್ಷ ಅಡಿಕೆಗೆ ಕೊಳೆ ಬಂದಿತ್ತು. ಮನೆಯಲ್ಲಿ ಆ ಮಾತು ಎತ್ತುವ ಧೈರ್ಯ ನನಗಿರಲಿಲ್ಲ.

ಹಿರಿಯ ಶೂಟರ್ ಒಬ್ಬರು ಆಟ ಬಿಟ್ಟು ಸಾಮಾನು ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಅವರ ಬೀರುವಿನಲ್ಲಿ ಇದು ಇತ್ತು. 42 ಸಾವಿರ ಹೇಳಿದರು, ಚೌಕಾಸಿ ಮಾಡಿ 38ಕ್ಕೆ ಇಳಿಸಿದೆ. ಬಿಲ್ಲು, ಕಾಗದಪತ್ರ ಎಲ್ಲಾ ಸರಿಯಾಗಿ ನನ್ನ ಹೆಸರಿಗೆ ಮಾಡಿಸಿಕೊಂಡೇ ತಂದೆ. ಆ ವಿಷಯದಲ್ಲಿ ಯಾರೂ ಸಸಾರ ಮಾಡಬೇಡಿ.

ಗೊತ್ತಿಲ್ಲದವರಿಗೆ ಎರಡೇ ಮಾತು. ಬ್ಯಾರಲ್ ಕೆಳಗೆ ಉದ್ದದ ಲಿವರ್. ಅದನ್ನು ಪೂರ್ತಿ ಮುಂದಕ್ಕೆ ತೆರೆದರೆ ಒಳಗೆ ಗಾಳಿ ಬರುತ್ತದೆ, ಪೆಲೆಟ್ ಇಡುವ ಜಾಗದ ಮುಚ್ಚಳ, ಅಂದರೆ ಬ್ರೀಚ್, ತಾನಾಗಿಯೇ ಮೇಲೇಳುತ್ತದೆ. ಲಿವರ್ ಮುಚ್ಚಿದರೆ ಗಾಳಿ ಒತ್ತಿಕೊಳ್ಳುತ್ತದೆ. ಪೆಲೆಟ್ ಇಟ್ಟು ಬ್ರೀಚ್ ಮುಚ್ಚಿದರೆ ರೆಡಿ. ಎರಡನೇ ಸಲ ಪಂಪ್ ಹೊಡೆದರೂ ಶಕ್ತಿ ಹೆಚ್ಚಾಗುವುದಿಲ್ಲ. ಒಂದು ಕಾಲದಲ್ಲಿ ವಾಲ್ಥರ್, ಫೈನ್‌ವೆರ್ಕ್‌ಬೌ ಅಂಥವರೂ ಮ್ಯಾಚಿಗೆ ಇಂಥ ಪಿಸ್ತೂಲನ್ನೇ ಮಾಡುತ್ತಿದ್ದರು. ಹಾಗಾಗಿ ಆಟಿಕೆ ಅಂತ ಅಂದುಕೊಳ್ಳಬೇಡಿ.

ತಂದ ಹೊಸತರಲ್ಲಿ ಪೆಲೆಟ್ ಎಲ್ಲೆಲ್ಲೋ ಬೀಳುತ್ತಿತ್ತು. ಒಂದು ಹತ್ತಕ್ಕೆ, ಮುಂದಿನದು ಏಳರ ಕೆಳಗೆ. ಮೊದಲು ಗುರಿ ನೋಡುವ ಸೈಟ್ ಮೇಲೆ ಅನುಮಾನ, ಆಮೇಲೆ ನನ್ನ ಕಣ್ಣಿನ ಮೇಲೆ. ಪೆಲೆಟ್ ವೇಗ ಅಳೆಯುವ ಕ್ರೊನೊಗ್ರಾಫನ್ನು ಗೆಳೆಯನಿಂದ ಎರವಲು ತಂದು ನೋಡಿದಾಗ ಕಥೆ ಗೊತ್ತಾಯಿತು. ಸೆಕೆಂಡಿಗೆ 140 ಮೀಟರ್ ಬರಬೇಕಾದ ಕಡೆ ಒಮ್ಮೆ 118, ಒಮ್ಮೆ 130. ವರ್ಷಗಟ್ಟಲೆ ಬೀರುವಿನಲ್ಲೇ ಕೂತ ಪಿಸ್ತೂಲಿನ ಸೀಲ್ ಒಣಗಿ ಹೋಗಿತ್ತು. ಶಿವಮೊಗ್ಗದಲ್ಲಿ ಹೈಡ್ರಾಲಿಕ್ ಸಾಮಾನಿನ ಅಂಗಡಿಯಲ್ಲಿ ಸೀಲಿಗೆ ಹಾಕುವ ಓ-ರಿಂಗ್ ಬಳೆ ತಂದೆ. ಮೊದಲ ಸಲ ತಂದದ್ದು ಒಂದು ಕೂದಲೆಳೆಯಷ್ಟು ದಪ್ಪ ಜಾಸ್ತಿ, ಲಿವರ್ ಮುಚ್ಚುವಾಗ ಕಟಕಟ ಅಂತ ತುಂಡಾಗಿ ಹೊರಗೆ ಬಂತು. ಎರಡನೇ ಸಲದ್ದು ಎಣ್ಣೆ ತಾಗಿ ಉಬ್ಬಿತು. ಮೂರನೆಯದು ಕೂತಿತು. ಎಲ್ಲಾ ಸೇರಿ ಐನೂರು ರೂಪಾಯಿ ಆಗಿರಬಹುದು, ಓಡಾಟದ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ. ಸೀಲಿಗೆ ಯಾವ ಎಣ್ಣೆ, ಎಷ್ಟು ತೊಟ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಕಷ್ಟಪಟ್ಟು ಕಂಡುಕೊಂಡದ್ದು, ಮನೆಗೆ ಬಂದವರಿಗೆ ಹೇಳುತ್ತೇನೆ. ಒಂದು ಮಾತ್ರ ಹೇಳಬಲ್ಲೆ, ಹೊಲಿಗೆ ಮೆಷಿನ್ ಎಣ್ಣೆ ಬೇಡ.

ಸೀಲ್ ಸರಿಯಾದ ಮೇಲೂ ವೇಗ ಒಂದೇ ಸಮ ಬರಲಿಲ್ಲ. ಇಲ್ಲಿ ನನಗೆ ಸಿಕ್ಕಿದ್ದೇ ಮುಖ್ಯ ವಿಷಯ. ಪಿಸಿಪಿಯಲ್ಲಿ ಗಾಳಿಯ ಲೆಕ್ಕ ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ಇದರಲ್ಲಿ ರೆಗ್ಯುಲೇಟರ್ ನಾವೇ. ಲಿವರ್ ತೆರೆದು ಗಡಿಬಿಡಿಯಲ್ಲಿ ಮುಚ್ಚಿದರೆ 134ರಿಂದ 141ರ ತನಕ ಓಡಾಡುತ್ತಿತ್ತು. ಪೂರ್ತಿ ತೆರೆದು, ಒಂದು ಉಸಿರು ಒಳಗೆ ತೆಗೆದು ಹೊರಗೆ ಬಿಟ್ಟು, ಆಮೇಲೆ ಒಂದೇ ವೇಗದಲ್ಲಿ ಮುಚ್ಚಿದರೆ 140ರ ಆಚೀಚೆ ಒಂದೂವರೆ ಎರಡು, ಅಷ್ಟೇ. ಒಳಗೆ ಗಾಳಿ ಪೂರ್ತಿ ಬರಲು ಸ್ವಲ್ಪ ಸಮಯ ಕೊಡಬೇಕು. ಇನ್ನೊಂದು, ದಿನದ ಮೊದಲ ನಾಲ್ಕೈದು ಪಂಪು ಯಾವಾಗಲೂ ಸಪ್ಪೆ. ಸೀಲ್ ಸ್ವಲ್ಪ ಬಿಸಿಯಾಗಿ ಅಗಲವಾಗಬೇಕು ಅಂತ ಕಾಣುತ್ತದೆ. ಅಂಕಕ್ಕೆ ಸೇರದ ಸೈಟರ್ ಶಾಟುಗಳಲ್ಲೇ ಅದು ಮುಗಿದು ಹೋಗಲಿ.

ಮುಂದಿನ ತಲೆನೋವು ತೋಳು. ಲಿವರ್ ಮುಚ್ಚುವಾಗ ಕೊನೆಯ ಒಂದು ಗೇಣು ಬಹಳ ಬಿಗಿ. ಎಲ್ಲರೂ ಮಾಡುವ ಹಾಗೆ ಬಲಗೈಯಲ್ಲಿ ಹಿಡಿ ಹಿಡಿದು, ಎಡಗೈಯಲ್ಲಿ ಲಿವರ್ ಒತ್ತಿದೆ. ಮೂವತ್ತು ಶಾಟ್ ಆಗುವಷ್ಟರಲ್ಲಿ ಬಲ ಮುಂಗೈ ನಡುಗಲು ಶುರು. ಫ್ರಂಟ್ ಸೈಟ್ ಹಿಂದಿನ ಸೈಟಿನ ಸೀಳಿನೊಳಗೆ ಕುಣಿಯುತ್ತಿತ್ತು. ಕೋಚ್ ನೋಡಿ, "ನೋಡಪ್ಪಾ, ಇದನ್ನು ಮಾರಿ ಬಿಡು. ಸುಮ್ನೆ ಕೈ ಹಾಳು ಮಾಡ್ಕೊಳ್ತೀಯ" ಅಂದರು. "ಒಂದು ತಿಂಗಳು ಟೈಮ್ ಕೊಡಿ ಸರ್" ಅಂದೆ. ಅವರಿಗೆ ನಂಬಿಕೆ ಇರಲಿಲ್ಲ, ನನಗೂ ಅಷ್ಟೇನಿರಲಿಲ್ಲ.

ಜಿಮ್ಮಿಗೆ ಹೋಗಿ ತೋಳು ಗಟ್ಟಿ ಮಾಡಿಕೊಳ್ಳೋಣ ಅಂತ ಹೊರಟೆ. ತೋಳು ಗಟ್ಟಿಯಾಯಿತು, ನಡುಕ ನಿಲ್ಲಲಿಲ್ಲ. ಲೇತಿನವರ ಹತ್ತಿರ ಲಿವರ್ ತುದಿಗೆ ಅಲ್ಯೂಮಿನಿಯಂ ಗುಂಡು ಮಾಡಿಸಿ ಸಿಕ್ಕಿಸಿದೆ, ಆರುನೂರು ರೂಪಾಯಿ. ಒತ್ತುವುದೇನೋ ಸುಲಭವಾಯಿತು, ಆದರೆ ತೂಕ ಒಂದೇ ಕಡೆ ಎಳೆಯತೊಡಗಿತು. ಮ್ಯಾಚಿನಲ್ಲಿ ಪಿಸ್ತೂಲು 420, 200, 50 ಮಿಲಿಮೀಟರ್ ಡಬ್ಬಿಯೊಳಗೆ ಕೂರಬೇಕಲ್ವಾ. ಇದರ ಉದ್ದವೇ ಹೆಚ್ಚೂ ಕಡಿಮೆ ಡಬ್ಬಿಯಷ್ಟಿದೆ. ಇಂಥ ಬಾಲ ಎಲ್ಲಾ ಕಟ್ಟಿದರೆ ಪಿಸ್ತೂಲು ತಪಾಸಣೆ ಮಾಡುವ ಕಂಟ್ರೋಲ್ ಟೇಬಲ್ಲಿನಲ್ಲೇ ವಾಪಸ್ ಕಳಿಸುತ್ತಾರೆ. ಆ ಗುಂಡು ಈಗ ಗೋಡೌನ್ ಬಾಗಿಲಿನ ಹಿಡಿ ಆಗಿದೆ.

ಕೊನೆಗೆ ಕೆಲಸ ಮಾಡಿದ್ದು ಇದು. ಪಂಪ್ ಹೊಡೆಯುವಾಗ ಬಲಗೈ ಹಿಡಿಯ ಮೇಲೆ ಇರಲೇಬಾರದು. ಬ್ಯಾರಲ್ ಟಾರ್ಗೆಟ್ ಕಡೆಗೇ ಇರಲಿ, ಪಿಸ್ತೂಲನ್ನು ಎದೆಯ ಹತ್ತಿರಕ್ಕೆ ತನ್ನಿ. ಬಲ ಅಂಗೈ ಬ್ರೀಚಿನ ಹಿಂದೆ ಮೇಲ್ಭಾಗದಲ್ಲಿ, ಎಡ ಅಂಗೈ ಲಿವರ್ ಕೆಳಗೆ. ಎರಡೂ ಮೊಣಕೈ ಪಕ್ಕೆಗೆ ಅಂಟಿರಲಿ. ಚಕ್ಕುಲಿ ಒರಳು ಒತ್ತಿದ ಹಾಗೆ ಎರಡೂ ಕಡೆಯಿಂದ ಒಟ್ಟಿಗೆ ಒತ್ತಬೇಕು. ಭಾರ ಎದೆಗೆ, ಭುಜಕ್ಕೆ ಹೋಗುತ್ತದೆ. ಮುಂಗೈ ಆರಾಮ. ಬೆರಳು ಟ್ರಿಗರ್ ಹತ್ತಿರವೂ ಸುಳಿಯುವುದಿಲ್ಲ, ಅದು ಇನ್ನೊಂದು ಲಾಭ. ಆ ಅಲ್ಯೂಮಿನಿಯಂ ಗುಂಡಿನ ಬದಲು ಎಡ ಅಂಗೈಗೆ ಹಳೇ ಸೈಕಲ್ ಸೀಟಿನ ಚರ್ಮದ ಪಟ್ಟಿ ಕಟ್ಟಿಕೊಂಡೆ. ಜ್ಯೂರಿಯವರನ್ನು ಮೊದಲೇ ಕೇಳಿ, ತೋರಿಸಿಯೇ ಬಳಸಿದ್ದು.

ಪಂಪ್ ಆದ ಮೇಲೆ ಪಿಸ್ತೂಲನ್ನು ಬೆಂಚಿನ ಮೇಲೆ ಇಡುತ್ತೇನೆ. ಬಲಗೈ ಕೆಳಗೆ ಬಿಟ್ಟು ಒಂದು ಸಲ ಕೊಡವುತ್ತೇನೆ. ಆಮೇಲೆ ಪೆಲೆಟ್, ಆಮೇಲೆ ಹಿಡಿ. ಎಲ್ಲಾ ಸೇರಿ 45 ಸೆಕೆಂಡಿನ ಒಳಗೆ ಶಾಟ್ ಹೋಗುತ್ತದೆ. ಎಲೆಕ್ಟ್ರಾನಿಕ್ ಟಾರ್ಗೆಟ್ಟಿನಲ್ಲಿ 60 ಶಾಟಿಗೆ 75 ನಿಮಿಷ, ಅಂದರೆ ಶಾಟಿಗೆ 75 ಸೆಕೆಂಡ್. ಟೈಮ್ ಸಾಕಾಗುವುದಿಲ್ಲ ಅಂದವರು ಈ ಲೆಕ್ಕ ಹಾಕಿಯೇ ಇರಲಿಲ್ಲ. ನಡುವೆ ಕುರ್ಚಿಯಲ್ಲಿ ಕೂತು ನೀರು ಕುಡಿದರೂ ಸಮಯ ಮಿಗುತ್ತದೆ.

ಪ್ರತಿ ಶಾಟಿಗೂ ಹಿಡಿ ಹೊಸದಾಗಿ ಹಿಡಿಯಬೇಕಲ್ಲ, ಗ್ರಿಪ್ ಬದಲಾಗುವುದಿಲ್ವಾ ಅಂತ ಕೇಳುತ್ತಾರೆ. ಬದಲಾಗುತ್ತದೆ, ಹಿಡಿ ಸಡಿಲ ಇದ್ದರೆ. ಇದರ ಮರದ ಹಿಡಿ ದೊಡ್ಡ ಅಂಗೈಗೆ ಮಾಡಿದ್ದು, ನನ್ನದು ಸಣ್ಣ ಕೈ. ಎಂ-ಸೀಲ್ ತಂದು ಹೆಬ್ಬೆರಳಿನ ಬುಡ, ಅಂಗೈ ಗುಳಿ ತುಂಬಿಸಿದೆ. ಕೈಗೆ ತೆಳು ಪ್ಲಾಸ್ಟಿಕ್ ಸುತ್ತಿಕೊಂಡು ಒದ್ದೆ ಎಂ-ಸೀಲ್ ಮೇಲೆ ಒತ್ತಿ ಹಿಡಿದು ನಿಂತರೆ ಬೆರಳಿನ ಅಚ್ಚು ಹಾಗೇ ಮೂಡುತ್ತದೆ. ಒಣಗಿದ ಮೇಲೆ ಉಪ್ಪುಕಾಗದ. ಒಂದು ಗುಟ್ಟು ಹೇಳುತ್ತೇನೆ: ಅಚ್ಚು ತೆಗೆಯುವುದು ಬೆಳಿಗ್ಗೆ ಎದ್ದ ತಕ್ಷಣ ಬೇಡ, ಪ್ರಾಕ್ಟೀಸ್ ಮುಗಿದು ಕೈ ಸ್ವಲ್ಪ ಊದಿರುವಾಗ ತೆಗೆಯಿರಿ. ಈಗ ಕಣ್ಣು ಮುಚ್ಚಿ ಹಿಡಿದು ಎತ್ತಿದರೂ ಸೈಟ್ ಸರಿಯಾಗಿ ಸಾಲಿಗೆ ಬಂದು ನಿಲ್ಲುತ್ತದೆ.

ಟ್ರಿಗರ್ ವಿಷಯ ಜಾಸ್ತಿ ಬರೆಯುವುದಿಲ್ಲ. ಅಪ್ಪಯ್ಯನ ಕಾಲದ ತಕ್ಕಡಿಯ ಅರ್ಧ ಕೆಜಿ ಬಟ್ಟಿಗೆ ದಾರ ಕಟ್ಟಿ, ಬ್ಯಾರಲ್ ಮೇಲೆ ಮಾಡಿ ಟ್ರಿಗರಿನಿಂದ ಎತ್ತಿ ನೋಡುತ್ತಿದ್ದೆ. 500 ಗ್ರಾಂ ಎತ್ತಲೇಬೇಕು ಅಂತ ನಿಯಮ. ಸರೀ 500ಕ್ಕೆ ಇಟ್ಟರೆ ಚಳಿಯಲ್ಲಿ ಮೋಸ ಮಾಡುತ್ತದೆ. ನಾನು 520-530ರ ಹತ್ತಿರ ಇಟ್ಟಿದ್ದೇನೆ. ಟ್ರಿಗರ್ ಒತ್ತುವಾಗ ಬರುವ ಎರಡನೇ ಹಂತ ಹೇಗೆ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಡ್ರೈ ಫೈರಿಗೆ, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುವುದಕ್ಕೆ ಮಾತ್ರ ಈ ಪಿಸ್ತೂಲಿಗೆ ಸಾಟಿ ಇಲ್ಲ. ಪಂಪ್ ಹೊಡೆಯದೆ ಬ್ರೀಚ್ ಮಾತ್ರ ಎತ್ತಿ ಮುಚ್ಚಿದರೆ ಟ್ರಿಗರ್ ಕೂರುತ್ತದೆ, ಗಾಳಿ ಇಲ್ಲ, ಸದ್ದಿಲ್ಲ. ರಾತ್ರಿ ಮಕ್ಕಳು ಮಲಗಿದ ಮೇಲೆ ಪಡಸಾಲೆಯ ಬಿಳಿ ಗೋಡೆ ಎದುರು ನಿಂತು ಇದನ್ನೇ ಮಾಡುತ್ತಿದ್ದೆ. ಸ್ಕೋರ್ ಏರಿದ್ದರಲ್ಲಿ ಅರ್ಧ ಪಾಲು ಇದರದ್ದೇ.

ಗೋಡೌನಿನಲ್ಲಿ ಅಡಿಕೆ ಮೂಟೆ ಒಂದು ಪಕ್ಕಕ್ಕೆ ಸರಿಸಿದರೆ ಸರಿಯಾಗಿ 10 ಮೀಟರ್ ಸಿಗುತ್ತದೆ. ಟಾರ್ಗೆಟ್ ನಡು 1.4 ಮೀಟರ್ ಎತ್ತರಕ್ಕೆ, ಹಿಂದೆ ದಪ್ಪ ಕಬ್ಬಿಣದ ತಗಡಿನ ಟ್ರಾಪ್, ಆ ಕಡೆಯ ಬಾಗಿಲಿಗೆ ಒಳಗಿಂದ ಅಗುಳಿ. ಪೆಲೆಟ್ಟಿಗೇ ಹತ್ತು ಸಾವಿರ ಹೋಗಿದೆ. ನಾಲ್ಕೈದು ಬಗೆ ತರಿಸಿದೆ. ಪಿಸ್ತೂಲನ್ನು ಮರಳಿನ ಚೀಲದ ಮೇಲೆ ಇಟ್ಟು ಹೊಡೆದಾಗ 4.49 ಮಿಲಿಮೀಟರ್ ಹೆಡ್ಡಿನ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಪೆಲೆಟ್ ಒಂದೇ ತೂತಿನಲ್ಲಿ ಹೋಯಿತು. ನಿಮ್ಮ ಬ್ಯಾರಲ್ಲಿಗೆ ಬೇರೆ ಒಗ್ಗಬಹುದು. ಪೆಲೆಟ್ ತೊಳೆದು, ತೂಕ ಮಾಡಿ ಬೇರೆ ಮಾಡುವ ಹುಚ್ಚೂ ಹತ್ತಿತ್ತು. ಚಿನ್ನದಂಗಡಿಯ ಗೆಳೆಯನ ತಕ್ಕಡಿಯಲ್ಲಿ ಒಂದು ಡಬ್ಬಿ ಪೂರ್ತಿ ತೂಗಿದೆ. ಸ್ಕೋರಿನಲ್ಲಿ ನಯಾಪೈಸೆ ವ್ಯತ್ಯಾಸ ಕಾಣಲಿಲ್ಲ, ಗೆಳೆಯ ಮಾತ್ರ ಇವತ್ತಿಗೂ ರೇಗಿಸುತ್ತಾನೆ.

ಇನ್ನೊಂದು ತಮಾಷೆ. ಇದು ಸುತ್ತಲಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಎತ್ತರದ ಜಾಗದಲ್ಲಿ ಶಕ್ತಿ ಕಡಿಮೆ ಆಗಬೇಕು. ಬೆಂಗಳೂರು ಸಾಗರಕ್ಕಿಂತ ಎತ್ತರ ಅಲ್ವಾ, ಅಲ್ಲಿಗೆ ಹೋದಾಗ ಕ್ರೊನೊಗ್ರಾಫ್ ಜೊತೆಗೇ ಒಯ್ದೆ. ವೇಗ ಸೆಕೆಂಡಿಗೆ ಎರಡು ಮೀಟರಿನಷ್ಟು ಇಳಿದ ಹಾಗೆ ಕಾಣಿಸಿತು. ಹತ್ತು ಮೀಟರಿಗೆ ಲೆಕ್ಕ ಹಾಕಿದರೆ ಪೆಲೆಟ್ ಒಂದು ಮಿಲಿಮೀಟರ್ ಕೆಳಗೆ ಬೀಳಬಹುದು. ರಿಂಗಿಂದ ರಿಂಗಿಗೆ 8 ಮಿಲಿಮೀಟರ್ ಇದೆ. ಸೈಟ್ ಮುಟ್ಟುವ ಅಗತ್ಯವೇ ಬರಲಿಲ್ಲ.

ಮ್ಯಾಚಿನಲ್ಲಿ ಹುಷಾರಾಗಿರಬೇಕಾದ್ದು ಒಂದೇ. ಪಂಪ್ ಹೊಡೆದು ಪೆಲೆಟ್ ಹಾಕಲು ಮರೆತು ಟ್ರಿಗರ್ ಒತ್ತುವುದು. ಮೊದಲಿಗೆ ಎಚ್ಚರಿಕೆ ಕೊಡುತ್ತಾರೆ, ಮತ್ತೆ ಮಾಡಿದರೆ ಅಂಕ ಕಡಿತ. ನಾನು 60 ಪೆಲೆಟ್ ಹತ್ತು ಹತ್ತರ ಗುಳಿ ಇರುವ ಟ್ರೇಯಲ್ಲಿ ಎಣಿಸಿಟ್ಟು, ಪಂಪಿಗೆ ಮುಂಚೆಯೇ ಒಂದನ್ನು ಆಚೆ ತೆಗೆದಿಡುತ್ತೇನೆ. ಆ ಒಂದು ಬೆಂಚಿನ ಮೇಲೆ ಕಾಣುತ್ತಿದ್ದರೆ ಪಿಸ್ತೂಲು ಖಾಲಿ ಅಂತ ಲೆಕ್ಕ.

ಟೋಕಿಯೊ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸಿಪಿ ಪಿಸ್ತೂಲು ಮಧ್ಯದಲ್ಲಿ ಕೆಟ್ಟು ಅವರ ಸಮಯ ಹಾಳಾದದ್ದನ್ನು ನಾನು ಕ್ಲಬ್ಬಿನಲ್ಲಿ ಆಗಾಗ ಎತ್ತುತ್ತೇನೆ, ಸುಮ್ನೆ ಚುಚ್ಚಲು. ಕ್ಲಬ್ಬಿನವರೂ ಬಿಡುವುದಿಲ್ಲ. "ಪ್ಯಾರಿಸ್‌ನಲ್ಲಿ ಎರಡು ಕಂಚು ಬಂತಲ್ಲ, ಪಂಪ್ ಹೊಡೆದಾ ಬಂದಿದ್ದು?" ಅನ್ನುತ್ತಾರೆ. ಅದೂ ಸರಿಯೇ. 570ರ ಮೇಲೆ ಹೋಗಬೇಕು ಅನ್ನುವ ಹುಡುಗ ಹುಡುಗಿಯರಿಗೆ ನಾನು ಇದನ್ನು ತೆಗೆದುಕೊಳ್ಳಿ ಅಂತ ಹೇಳುವುದಿಲ್ಲ. ಊರಲ್ಲಿ ಗಾಳಿ ತುಂಬಿಸುವ ಅನುಕೂಲ ಇಲ್ಲದವರು, ಕೈಯಲ್ಲಿ ಅರವತ್ತು ಸಾವಿರಕ್ಕಿಂತ ಜಾಸ್ತಿ ಇಲ್ಲದವರು ಯೋಚನೆ ಮಾಡಬಹುದು. ನನಗೆ ಎಲ್ಲಾ ಸೇರಿ ಅಷ್ಟರಲ್ಲೇ ಮುಗಿದಿದೆ. ಹಳೆಯದು ಕೊಳ್ಳುವಾಗ ಲಿವರ್ ಪಿನ್ ಅಲ್ಲಾಡುತ್ತದಾ ನೋಡಿ. ಪಂಪ್ ಹೊಡೆದು ಎರಡು ನಿಮಿಷ ಇಟ್ಟು, ಆಮೇಲೆ ಪೆಲೆಟ್ ಹಾಕಿ ಕ್ರೊನೊಗ್ರಾಫಿನಲ್ಲಿ ಹೊಡೆದು ನೋಡಿ. ಆಗಲೂ ವೇಗ ಇಳಿಯದಿದ್ದರೆ ಸೀಲ್ ಸರಿ ಇದೆ, ದುಡ್ಡು ಕೊಡಿ. ಇಳಿದರೆ ಆ ನೆಪದಲ್ಲಿ ಐದು ಸಾವಿರ ಚೌಕಾಸಿ ಮಾಡಿ, ಓ-ರಿಂಗಿಗೆ ಅಷ್ಟೇನೂ ಆಗುವುದಿಲ್ಲ.