ತಂಡದವರ ತಪ್ಪನ್ನು ಹೇಳುವ ಮುನ್ನ, ಹೇಳುವಾಗ, ಹೇಳಿದ ಮೇಲೆ

ಎಲ್ಲವೂ ಸುಸೂತ್ರವಾಗಿರುವಾಗ ನಗುನಗುತ್ತ ಮಾತಾಡುವುದು ಯಾರಿಗೂ ಕಷ್ಟವಲ್ಲ. ಮುಖ್ಯಸ್ಥರ ಭಾವನಾತ್ಮಕ ಜಾಣ್ಮೆ ಒರೆಗೆ ಹತ್ತುವುದು ತಂಡದ ಯಾರದೋ ತಪ್ಪು ಕಣ್ಣಿಗೆ ಬಿದ್ದ ಹೊತ್ತಿನಲ್ಲಿ. 1990ರಲ್ಲಿ ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ ಈ ಜಾಣ್ಮೆಯಲ್ಲಿ ಮೂರು ಕೆಲಸಗಳನ್ನು ಗುರುತಿಸಿದ್ದರು: ತನ್ನ ಮತ್ತು ಇತರರ ಭಾವನೆಗಳನ್ನು ಗಮನಿಸುವುದು, ಒಂದರಿಂದ ಇನ್ನೊಂದನ್ನು ಬಿಡಿಸಿ ನೋಡುವುದು, ತಿಳಿದದ್ದನ್ನು ಯೋಚನೆಗೂ ನಡೆಗೂ ಬಳಸುವುದು. ಹೆಚ್ಚಿನವರು ಎಡವುವುದು ನಡುವಿನ ಕೆಲಸದಲ್ಲಿ.

ಮೊದಲು ನಿಮ್ಮ ಸಿಟ್ಟನ್ನು ಬಿಡಿಸಿ ನೋಡಿ

ತಪ್ಪು ತಿಳಿದ ಕೂಡಲೇ ಮೆಸೇಜ್ ಟೈಪ್ ಮಾಡಬೇಡಿ. ಒಂದು ಚೀಟಿಯಲ್ಲಿ ಒಂದೇ ಸಾಲು ಬರೆಯಿರಿ: ನನಗೆ ಏನಾಗುತ್ತಿದೆ, ಯಾಕೆ. ಮೊದಲು ಬರುವ ಪದ ಸಾಮಾನ್ಯವಾಗಿ ‘ಸಿಟ್ಟು’. ಅದರ ಕೆಳಗೆ ಇನ್ನೊಂದು ಇರುತ್ತದೆ, ಅದನ್ನು ಹುಡುಕಿ. ‘ಮೇಲಿನವರಿಗೆ ಏನು ಹೇಳಲಿ’ ಎಂಬ ಭಯವಾದರೆ ನಿಮ್ಮ ಮೊದಲ ಕರೆ ಹೋಗಬೇಕಾದ್ದು ಮೇಲಿನವರಿಗೆ, ಕೆಲಸ ಮುಗಿಯುವ ಹೊಸ ದಿನಾಂಕದೊಂದಿಗೆ. ತಪ್ಪು ಮಾಡಿದವರ ಜೊತೆ ಮಾತು ಆಮೇಲೆ. ಗ್ರಾಹಕರೆದುರು ಆದ ಅವಮಾನವಾದರೆ ಕಾಯಿರಿ, ಏಕೆಂದರೆ ಅವಮಾನ ತನ್ನನ್ನು ಇನ್ನೊಬ್ಬರಿಗೆ ದಾಟಿಸಲು ತವಕಿಸುತ್ತದೆ. ಅದೇ ತಪ್ಪು ಮೂರನೇ ಸಲ ಆಯಿತೆಂಬ ನಿರಾಶೆಯಾದರೆ, ಆ ವ್ಯಕ್ತಿಯ ಜೊತೆ ಕೂತು ಮಾತಾಡಲೇಬೇಕು.

ಹೀಗೆ ಹೆಸರಿಡುವುದರಿಂದ ಬಿಸಿ ಇಳಿಯುತ್ತದೆ. ಸಿಟ್ಟನ್ನು ನುಂಗಿ ಮುಖ ಸಪ್ಪಗೆ ಇಟ್ಟುಕೊಳ್ಳುವುದು ಬೇರೆ ಮಾತು: ಒಳಗಿನ ಭಾವನೆ ಹಾಗೇ ಉಳಿಯುತ್ತದೆ, ದೇಹ ಇನ್ನಷ್ಟು ಬಿಗಿಯುತ್ತದೆ, ಕೊನೆಗೆ ದನಿಯಲ್ಲಿ ಹೊರಬೀಳುತ್ತದೆ. ಎದೆ ಬಡಿತ ಇನ್ನೂ ಜೋರಾಗಿದ್ದರೆ 4 ಎಣಿಸುತ್ತ ಉಸಿರು ಒಳಗೆ, 6 ಎಣಿಸುತ್ತ ಹೊರಗೆ, 10 ಸಲ. ಎರಡು ನಿಮಿಷವೂ ಹಿಡಿಯುವುದಿಲ್ಲ.

ಕರೆಯುವ ರೀತಿ

‘ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು’ ಎಂದಷ್ಟೇ ಹೇಳಿದರೆ ಕೇಳಿದವರು ಸಂಜೆಯವರೆಗೆ ಕೆಲಸ ಮಾಡಲಾರರು. ‘ಸೋಮವಾರದ ವರದಿಯ ಮೊತ್ತಗಳ ಬಗ್ಗೆ ಮಧ್ಯಾಹ್ನ 3ಕ್ಕೆ 20 ನಿಮಿಷ ಕೂರೋಣ’ ಎನ್ನಿ. ಅದೇ ದಿನ ಅಥವಾ ಮರುದಿನ, ಇಬ್ಬರೇ, ಬಾಗಿಲು ಮುಚ್ಚಿದ ಕೋಣೆಯಲ್ಲಿ. ವಾರದ ಕೊನೆಯ ಸಂಜೆ ಬೇಡ. ರಜೆಯೆಲ್ಲ ಅದನ್ನೇ ಮೆಲುಕು ಹಾಕುತ್ತಾರೆ.

ಮಾತು

ಯಾವಾಗ, ಏನು ಕಂಡಿತು, ಅದರಿಂದ ಏನಾಯಿತು. ಈ ಮೂರನ್ನು ಹೇಳಿ ನಿಲ್ಲಿಸಿ: ‘ಸೋಮವಾರ ಕಳಿಸಿದ ವರದಿಯಲ್ಲಿ ಎರಡು ಕೋಷ್ಟಕಗಳ ಮೊತ್ತ ತಾಳೆಯಾಗಲಿಲ್ಲ. ಲೆಕ್ಕ ವಿಭಾಗದವರು ಅರ್ಧ ದಿನ ಕೂತು ಮತ್ತೆ ಕೂಡಿಸಬೇಕಾಯಿತು.’ ‘ನೀವು ಬೇಜವಾಬ್ದಾರಿ’ ಎಂದರೆ ಮಾತು ಕೋಷ್ಟಕದಿಂದ ಅವರ ಸ್ವಭಾವಕ್ಕೆ ಜಿಗಿಯುತ್ತದೆ. ಮುಂದೆ ಅವರು ತಮ್ಮನ್ನು ಕಾಪಾಡಿಕೊಳ್ಳುತ್ತಾರೆಯೇ ಹೊರತು ಕೋಷ್ಟಕವನ್ನಲ್ಲ. 1996ರಲ್ಲಿ ಸಂಶೋಧಕರಾದ ಕ್ಲೂಗರ್ ಮತ್ತು ಡಿನೀಸಿ ಹಿಂದಿನ ಅಧ್ಯಯನಗಳ ನೂರಾರು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾಡಿದ ಕೆಲಸದ ಬಗ್ಗೆ ಪ್ರತಿಕ್ರಿಯೆ ಕೊಟ್ಟದ್ದರಿಂದ ಸರಾಸರಿ ಕೆಲಸ ಸುಧಾರಿಸಿತ್ತಾದರೂ, ಮೂರನೇ ಒಂದಕ್ಕಿಂತ ಹೆಚ್ಚು ಕಡೆ ಕೆಟ್ಟಿತ್ತು. ಗಮನ ಕೆಲಸದಿಂದ ‘ನಾನು ಎಂಥವನು’ ಎಂಬುದರತ್ತ ಹೊರಳಿದಷ್ಟೂ ಪ್ರಯೋಜನ ಕಡಿಮೆ ಎಂಬುದು ಅವರ ವಿವರಣೆ.

‘ಯಾವಾಗಲೂ’, ‘ಒಮ್ಮೆಯೂ’ ಎಂಬ ಪದಗಳನ್ನು ತೆಗೆದುಹಾಕಿ. ‘ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳಿದರೆ ನೆಪ ಸಿಗುತ್ತದೆ, ‘ಎಲ್ಲಿ ತೊಡಕಾಯಿತು’ ಎಂದು ಕೇಳಿದರೆ ಮಾಹಿತಿ ಸಿಗುತ್ತದೆ. ನಿಮ್ಮ ಬಾಯಲ್ಲಿ ‘ನೀವು’ ಹೋಗಿ ‘ನೀನು’ ಬಂತೆಂದರೆ ಸಿಟ್ಟು ಲಗಾಮು ಕಿತ್ತಿದೆ ಎಂದರ್ಥ. ಅಲ್ಲೇ ನಿಲ್ಲಿಸಿ, ಹತ್ತು ನಿಮಿಷದ ಬಿಡುವು ಕೇಳಿ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ 8ರವರೆಗೆ ಎಣಿಸಿ. ಮೌನವನ್ನು ತಾಳಲಾರದೆ ಮುಖ್ಯಸ್ಥರೇ ಉತ್ತರ ಹೇಳಿಬಿಡುತ್ತಾರೆ, ನಿಜವಾದ ಕಾರಣ ಒಳಗೇ ಉಳಿಯುತ್ತದೆ. ಕಾರಣ ಹೊರಬಂದು ಅದು ಮಿತಿಮೀರಿದ ಕೆಲಸವೆಂದು ಗೊತ್ತಾದರೆ ಕೆಲಸ ಇಳಿಸಿ. ಹೊರೆ ಹಾಗೇ ಬಿಟ್ಟು ಸಹಾನುಭೂತಿಯ ಮಾತಾಡುವುದು ಮೋಸ.

ಎದುರಿಗಿದ್ದವರ ಕಣ್ಣಲ್ಲಿ ನೀರು ಬಂದರೆ ಗಾಬರಿಯಾಗಿ ಹೇಳಿದ್ದನ್ನು ಹಿಂತೆಗೆದುಕೊಳ್ಳಬೇಡಿ. ಐದು ನಿಮಿಷ ಸುಮ್ಮನಿದ್ದು, ‘ಈಗ ಮುಂದುವರಿಸೋಣವೇ, ನಾಳೆ ಬೆಳಿಗ್ಗೆಗೆ ಇಡೋಣವೇ?’ ಎಂದು ಕೇಳಿ. ಅವರ ಭಾವನೆಯನ್ನು ನೀವೇ ತೀರ್ಮಾನಿಸುವ ಬದಲು ‘ಬೇಸರವಾದಂತೆ ಕಾಣುತ್ತಿದೆ, ಹೌದೇ?’ ಎನ್ನಿ, ಅಲ್ಲವೆಂದರೆ ನಂಬಿ. ಥಟ್ಟನೆ ಬರುವ ‘ಸರಿ, ಸರಿ’ ಒಪ್ಪಿಗೆಯಾಗಿರುವುದು ಕಡಿಮೆ, ಕೋಣೆಯಿಂದ ಹೊರಬೀಳುವ ಆತುರವೇ ಹೆಚ್ಚು. ಮುಂದಿನ ಹೆಜ್ಜೆಯನ್ನು ಅವರ ಮಾತಿನಲ್ಲೇ ಹೇಳಿಸಿ.

ಮರುದಿನ

ಮುಜುಗರದಿಂದ ನೀವು ಮುಖ ತಪ್ಪಿಸಿದರೆ ಅವರು ಅದನ್ನು ‘ನನ್ನನ್ನು ದೂರವಿಟ್ಟರು’ ಎಂದು ಓದಿಕೊಳ್ಳುತ್ತಾರೆ. ಬೆಳಿಗ್ಗೆಯೇ ಬೇರೆ ಯಾವುದಾದರೂ ಮಾಮೂಲಿ ಕೆಲಸದ ಬಗ್ಗೆ ಮಾತಾಡಿಸಿ. ಒಂದು ವಾರದೊಳಗೆ ಒಪ್ಪಿಕೊಂಡ ಆ ಒಂದು ವಿಷಯವನ್ನು ನೋಡಿ, ಸುಧಾರಿಸಿದ್ದರೆ ಏನು ಸುಧಾರಿಸಿತೆಂದು ಹೆಸರಿಟ್ಟು ಹೇಳಿ.

ನೀವೇ ದನಿ ಏರಿಸಿದ್ದರೆ 24 ಗಂಟೆಯೊಳಗೆ ಕ್ಷಮೆ ಕೇಳಿ. ಕೇಳಬೇಕಾದ್ದು ದನಿಗೆ, ವಿಷಯಕ್ಕಲ್ಲ: ‘ನಿನ್ನೆ ನಾನು ಕೂಗಬಾರದಿತ್ತು, ತಪ್ಪಾಯಿತು.’ ಇದರ ಬೆನ್ನಿಗೆ ‘ಆದರೆ’ ಬೇಡ. ವರದಿಯ ವಿಷಯ ಇನ್ನೊಂದು ದಿನ ಬರಲಿ. ಕೂಗಿದ್ದು ಹತ್ತು ಜನರ ಸಭೆಯಲ್ಲಾದರೆ, ಕ್ಷಮೆಯನ್ನೂ ಆ ಹತ್ತು ಜನರ ಎದುರೇ ಕೇಳಿ.