ಓಟಿಪಿ ಅವರ ಫೋನಿಗೆ ಹೋಗುತ್ತಿತ್ತು

ಒಂದು ದಿನ ಚಪ್ಪಲಿ ಕಿತ್ತುಹೋಯಿತು. ಹೊಸದು ತಗೋಬೇಕು ಅಂದುಕೊಂಡ ಕೂಡಲೇ ಗಂಡನಿಗೆ ಏನು ಹೇಳೋದು ಅನ್ನುವ ಚಿಂತೆ ಶುರುವಾಯಿತು. ನಾನೂ ದುಡಿಯುತ್ತಿದ್ದೆ. ಸಂಬಳ ನನ್ನ ಹೆಸರಿನ ಖಾತೆಗೇ ಬರುತ್ತಿತ್ತು. ಆದರೆ ಬ್ಯಾಂಕಿಗೆ ಕೊಟ್ಟಿದ್ದ ಮೊಬೈಲ್ ನಂಬರ್ ಅವರದು. ಓಟಿಪಿ ಅವರ ಫೋನಿಗೆ ಹೋಗುತ್ತಿತ್ತು, ಎಟಿಎಂ ಕಾರ್ಡ್ ಅವರ ಪರ್ಸಿನಲ್ಲಿರುತ್ತಿತ್ತು.

"ನಿನಗೆ ಲೆಕ್ಕ ಗೊತ್ತಾಗಲ್ಲ, ನಾನು ನೋಡ್ಕೋತೀನಿ" ಅಂತ ಮದುವೆಯ ಹೊಸದರಲ್ಲಿ ಅಂದಾಗ ಅದು ಪ್ರೀತಿ ಅನಿಸಿತ್ತು. ಆಮೇಲಾಮೇಲೆ ಪ್ರತಿ ರಸೀದಿ ತೋರಿಸಬೇಕಾಯಿತು. ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಎರಡು ದಿನ ಮಾತಿಲ್ಲ. ಅವರ ಖರ್ಚನ್ನು ಮಾತ್ರ ನಾನು ಕೇಳುವಂತಿರಲಿಲ್ಲ.

ಮನೆಯ ದುಡ್ಡನ್ನು ಒಬ್ಬರೇ ನೋಡಿಕೊಂಡರೆ ಅದೇ ಹಿಂಸೆ ಅಂತ ನಾನು ಹೇಳಲ್ಲ. ಎಷ್ಟೋ ಮನೆಗಳಲ್ಲಿ ಅದು ಚೆನ್ನಾಗೇ ನಡೆಯುತ್ತದೆ. ಕೇಳಿದರೆ ಲೆಕ್ಕ ತೋರಿಸುತ್ತಾರಾ? ಕೇಳುವುದಕ್ಕೇ ಭಯವಾಗುತ್ತಾ? ನಾನು ಈ ಎರಡನೇ ಪ್ರಶ್ನೆಯಲ್ಲೇ ಸಿಕ್ಕಿಬಿದ್ದಿದ್ದೆ.

ಇದಕ್ಕೆ ಹೆಸರು ಸಿಕ್ಕಿದ್ದು ಆಪ್ತಸಮಾಲೋಚಕಿಯೊಬ್ಬರ ಹತ್ತಿರ. ಅಮೆರಿಕದ ಡುಲುತ್ ಊರಿನಲ್ಲಿ 1984ರಲ್ಲಿ, ಹಿಂಸೆ ಅನುಭವಿಸಿದ ಹೆಂಗಸರ ಮಾತುಗಳಿಂದಲೇ ಮಾಡಿದ ಒಂದು ಚಕ್ರದ ಚಿತ್ರವನ್ನು ಅವರು ತೋರಿಸಿದರು. ಅದರ 8 ಭಾಗಗಳಲ್ಲಿ ಹಣದ ಹಿಂಸೆಯೂ ಒಂದು. ಕೆಲಸಕ್ಕೆ ಹೋಗದಂತೆ ತಡೆಯುವುದು, ಸಂಬಳ ಕಿತ್ತುಕೊಳ್ಳುವುದು, ಪ್ರತಿ ಸಲ ಕೈಯೊಡ್ಡಿ ಕೇಳುವಂತೆ ಮಾಡುವುದು. ಓದುತ್ತಾ ಅತ್ತುಬಿಟ್ಟೆ. ನನ್ನ ಮನೆಯ ಕಥೆ ಅಲ್ಲಿ ಮೊದಲೇ ಬರೆದಿತ್ತು.

ಮನೆಗೆ ಹೋದ ಕೂಡಲೇ ಬ್ಯಾಂಕಿನ ಪಾಸ್‌ವರ್ಡ್ ಬದಲಿಸುತ್ತೇನೆ ಅಂದೆ. "ಈಗ ಬೇಡ" ಅಂದರು ಆಪ್ತಸಮಾಲೋಚಕಿ. ಪಾಸ್‌ವರ್ಡ್ ಬದಲಾದರೆ ಆ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ. ಇಂಥ ಗಂಡನನ್ನು ಬಿಟ್ಟು ಹೊರಡುವ ಹೊತ್ತೇ ಜಾಸ್ತಿ ಅಪಾಯದ ಹೊತ್ತು. ಹಾಗಾಗಿ ಕಣ್ಣಿಗೆ ಬೀಳದ ಕೆಲಸ ಮೊದಲು, ಕಣ್ಣಿಗೆ ಬೀಳುವುದು ಕೊನೆಗೆ. ಈ ಒಂದು ಮಾತು ನನ್ನನ್ನು ಉಳಿಸಿತು.

ಆಫೀಸಿನ ಗೆಳತಿಯ ಫೋನಿನಲ್ಲಿ ಹೊಸ ಇ-ಮೇಲ್ ಮಾಡಿಕೊಂಡೆ. ನನ್ನ ಫೋನಿನಲ್ಲಿ ಅದನ್ನು ತೆರೆಯಲೇ ಇಲ್ಲ. ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದೆ. ಮೊದಲಿನ ಬ್ಯಾಂಕಿನಲ್ಲೇ ತೆರೆದಿದ್ದರೆ ಹಳೆಯ ನಂಬರಿಗೆ ಮೆಸೇಜ್ ಹೋಗುವ ಭಯವಿತ್ತು. ಪತ್ರಗಳಿಗೆ ಅಕ್ಕನ ವಿಳಾಸ ಕೊಟ್ಟೆ. ಗುರುತಿನ ಚೀಟಿ, ಓದಿನ ಸರ್ಟಿಫಿಕೇಟು, ಮದುವೆ ನೋಂದಣಿ ಪತ್ರ, ಸಂಬಳದ ಚೀಟಿ ಎಲ್ಲದರ ಪ್ರತಿ ಒಂದೊಂದಾಗಿ ಅಕ್ಕನ ಮನೆ ಸೇರಿತು. ದುಡ್ಡನ್ನೂ ಅಲ್ಲೇ ಕೂಡಿಟ್ಟೆ, ತುಂಬಾ ನಿಧಾನವಾಗಿ.

ನಮ್ಮ ಹೆಸರಿನಲ್ಲಿರುವ ಸಾಲಗಳ ವಿವರ ತೋರಿಸುವ ಕ್ರೆಡಿಟ್ ರಿಪೋರ್ಟ್ ತೆಗೆಸಿ ನೋಡಿದಾಗ ಕೈ ನಡುಗಿತು. ನನ್ನ ಹೆಸರಿನಲ್ಲಿ ಎರಡು ಸಾಲ. ಒಂದಕ್ಕೆ ನಾನು ಸಹ-ಸಾಲಗಾರ್ತಿ. "ಸುಮ್ನೆ ಇಲ್ಲಿ ಸಹಿ ಹಾಕು" ಅಂದಿದ್ದ ಕಾಗದ ಅದೇ ಇರಬೇಕು. ಗಂಡನನ್ನು ಬಿಟ್ಟರೂ ಆ ಸಾಲ ನನ್ನನ್ನು ಬಿಡುವುದಿಲ್ಲ, ಅವರು ಕಟ್ಟದಿದ್ದರೆ ಬ್ಯಾಂಕ್ ನನ್ನನ್ನೇ ಕೇಳುತ್ತದೆ ಅಂತ ವಕೀಲರು ವಿವರಿಸಿದರು. ಓದದೆ ಸಹಿ ಹಾಕಬೇಡಿ ಅಂತ ಹೇಳುವುದು ಸುಲಭ. ಓದಲು ಕೂತರೆ ಮನೆಯಲ್ಲಿ ಏನಾಗುತ್ತಿತ್ತು ಅಂತ ನನಗೆ ಗೊತ್ತು. ಅದಕ್ಕೇ ಸಹಿ ಹಾಕಿದವರನ್ನು ಬೈಯಬೇಡಿ, ರಿಪೋರ್ಟ್ ತೆಗೆಸಲು ಜೊತೆಗೆ ಹೋಗಿ.

ಹೊರಟ ದಿನ ಅಕ್ಕ, ಭಾವ ಇಬ್ಬರೂ ಬಂದಿದ್ದರು. ಅಂದೇ ಆಫೀಸಿನಲ್ಲಿ ಸಂಬಳದ ಖಾತೆ ಬದಲಿಸಿದೆ. ನಮ್ಮಿಬ್ಬರ ಹೆಸರಿನಲ್ಲಿದ್ದ ಜಂಟಿ ಖಾತೆಯಿಂದ ಇಬ್ಬರ ಸಹಿ ಇಲ್ಲದೆ ಹಣ ಕೊಡಬೇಡಿ ಅಂತ ಬ್ಯಾಂಕಿಗೆ ಬರೆದುಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಪಾಸ್‌ವರ್ಡುಗಳು, ವಿಮೆಯ ನಾಮಿನಿ, ಫೋನಿನ ಲೊಕೇಶನ್ ಸೆಟ್ಟಿಂಗ್ ಎಲ್ಲ ಆವತ್ತೇ ಬದಲಾದವು.

ಜಂಟಿ ಸಾಲ ಇನ್ನೂ ಇದೆ. ಅವರು ಕಂತು ತಪ್ಪಿಸಿದ ತಿಂಗಳು ನಾನೇ ಕಟ್ಟಿ, ರಸೀದಿಯನ್ನು ವಕೀಲರಿಗೆ ಕಳಿಸುತ್ತೇನೆ. ಇನ್ನು 11 ಕಂತು ಬಾಕಿ.